ತೊವ್ವೆ ನಿಲ್ಲಿಸಬೇಡಿ ಅಂದರು ಡಾಕ್ಟರ್

ಕಳೆದ ಶ್ರಾವಣದಲ್ಲಿ ಅಪ್ಪನ ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನವರು ಫಾರ್ಮ್ ವಾಪಸ್ ಕೊಟ್ಟರು. ನಲವತ್ತು ವರ್ಷದಿಂದ ಒಂದೇ ಥರ ಸಹಿ ಹಾಕಿದ ಕೈ ಅದು. ಈಗ ಕೊನೆಯ ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರಿತ್ತು. ಅದೇ ವಾರ ಹಗಲೆಲ್ಲ ನಿದ್ದೆ, ರಾತ್ರಿ ಎರಡು ಗಂಟೆಗೆ ಎದ್ದು ಚಿಲಕ ತೆಗೆದು ಬಾಗಿಲಲ್ಲಿ ನಿಲ್ಲುವುದು. ವಯಸ್ಸಾಯ್ತು ಅಲ್ವಾ ಅಂದುಕೊಂಡು ಸುಮ್ನಿದ್ದೆವು. ಲಿವರ್ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ, ಇರುವುದು ಮೊದಲೇ ಗೊತ್ತಿತ್ತು, ಆದರೆ ಲಿವರಿಗೂ ಸಹಿಗೂ ನಂಟಿದೆ ಅಂತ ಯಾರಿಗೂ ಹೊಳೆಯಲಿಲ್ಲ.

"ಯಜಮಾನ್ರೇ, ಗಾಡಿ ನಿಲ್ಲಿಸೋ ಪೊಲೀಸಿನ ಥರ ಎರಡೂ ಕೈ ಚಾಚಿ ಅಂಗೈ ಎತ್ತಿ" ಅಂದರು ಡಾಕ್ಟರ್. ಅಪ್ಪ ಎತ್ತಿದರು. ಸ್ವಲ್ಪ ಹೊತ್ತಿಗೆ ಮಣಿಕಟ್ಟು ತಾನಾಗಿ ಕುಸಿಯಿತು, ಮೇಲೆದ್ದಿತು, ಮತ್ತೆ ಕುಸಿಯಿತು. "ಅಮೋನಿಯಾ ಮೆದುಳಿಗೆ ಹೋಗ್ತಿದೆ. ಮೋಷನ್ ಆಗಿ ಎಷ್ಟು ದಿನ ಆಯ್ತು?" ನಾಲ್ಕು ದಿನ ಆಗಿತ್ತು.

ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ. ಬೇಳೆ, ಮೊಟ್ಟೆ, ಮೊಸರಿನ ಪ್ರೋಟೀನ್ ಹೊಟ್ಟೆಯಲ್ಲಿ ಅಮೈನೊ ಆಮ್ಲಗಳಾಗಿ ಬಿಡಿಯಾಗುತ್ತದೆ. ಮೈ ಕಟ್ಟಲು ಬೇಕಾದಷ್ಟು ಬಳಕೆಯಾಗುತ್ತದೆ. ಮಿಕ್ಕಿದ್ದನ್ನು ಕೊಬ್ಬಿನ ಹಾಗೆ ಕೂಡಿಡಲು ಜಾಗವಿಲ್ಲ, ಉರುವಲು ಮಾಡಿಕೊಳ್ಳಬೇಕು, ಅದಕ್ಕೆ ಮೊದಲು ಅದರ ಸಾರಜನಕವನ್ನು ಕೀಳಬೇಕು. ಆ ಸಾರಜನಕವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕಿಣ್ವಗಳೇ ಲಿವರ್ ಟೆಸ್ಟಿನ ರಿಪೋರ್ಟಿನಲ್ಲಿ ಬರುವ ಎಸ್‌ಜಿಒಟಿ, ಎಸ್‌ಜಿಪಿಟಿ. ಲಿವರ್ ಕೋಶಗಳಿಗೆ ಪೆಟ್ಟು ಬಿದ್ದರೆ ಇವು ರಕ್ತಕ್ಕೆ ಸೋರುತ್ತವೆ, ನಂಬರ್ ಏರುತ್ತದೆ. ಇಷ್ಟು ವರ್ಷ ಆ ಹೆಸರು ಓದಿದ್ದೆ, ಅವು ಮಾಡುವ ಕೆಲಸ ಗೊತ್ತಿರಲಿಲ್ಲ.

ಕಿತ್ತ ಸಾರಜನಕ ಕೊನೆಗೆ ಅಮೋನಿಯಾ ಆಗುತ್ತದೆ. ಮೀನು ಅದನ್ನು ಹಾಗೇ ನೀರಿಗೆ ಬಿಟ್ಟುಬಿಡುತ್ತದೆ. ನಮಗೆ ಅದು ವಿಷ, ಲಿವರ್ ಅದನ್ನು ಯೂರಿಯಾ ಮಾಡಿ ಕಿಡ್ನಿಗೆ ಕಳಿಸುತ್ತದೆ. 1932ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಹಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸಲೈಟ್ ಅನ್ನುವ ಸಂಶೋಧಕರು ಇಲಿಯ ಲಿವರಿನ ತೆಳು ಚೂರುಗಳಿಗೆ ಆರ್ನಿಥಿನ್ ಅನ್ನುವ ಅಮೈನೊ ಆಮ್ಲ ಹಾಕಿ ನೋಡಿದರು. ಯೂರಿಯಾ ಜಾಸ್ತಿ ಆಯಿತು, ಆರ್ನಿಥಿನ್ ಮಾತ್ರ ಖರ್ಚಾಗಲಿಲ್ಲ. ಅಂದರೆ ಅದು ಚಕ್ರದ ಹಾಗೆ ಸುತ್ತಿ ಮತ್ತೆ ಹುಟ್ಟುತ್ತಿದೆ! ಓದಿದಾಗ ಮೈ ಜುಮ್ಮೆಂದಿತು. ಪ್ರತಿ ಸುತ್ತಿಗೂ ಎರಡು ಸಾರಜನಕ ಹೊತ್ತ ಒಂದು ಯೂರಿಯಾ ಹೊರಬೀಳುತ್ತದೆ. ಗದ್ದೆಗೆ ಎರಚುವ ಗೊಬ್ಬರದಲ್ಲಿರುವುದೂ ಇದೇ ಯೂರಿಯಾ. ದಿನಕ್ಕೆ 60 ಗ್ರಾಂ ಪ್ರೋಟೀನ್ ತಿಂದರೆ ಹೆಚ್ಚುಕಡಿಮೆ 20 ಗ್ರಾಂ ಯೂರಿಯಾ.

ಅಪ್ಪನ ಲಿವರ್ ಗಟ್ಟಿಯಾಗಿದೆ. ಕರುಳಿನಿಂದ ಬರುವ ರಕ್ತದಲ್ಲಿ ಒಂದಷ್ಟು ಲಿವರಿನೊಳಗೆ ಹೋಗದೆ ಪಕ್ಕದ ದಾರಿಯಲ್ಲಿ ಹೋಗಿಬಿಡುತ್ತದೆ. ಕರುಳಿನ ಬ್ಯಾಕ್ಟೀರಿಯಾ ಮಾಡಿದ ಅಮೋನಿಯಾವೂ ಅದರ ಜೊತೆಗೇ ಹೋಗುತ್ತದೆ. ಮಲಬದ್ಧತೆ ಆದರೆ ಅದು ಇನ್ನೂ ಜಾಸ್ತಿ. ಡಾಕ್ಟರ್ ಕೊಟ್ಟ ಲ್ಯಾಕ್ಟುಲೋಸ್ ಸಿರಪ್ ಅಂಟಂಟು, ಸಿಹಿ. ಅದು ಕರುಳನ್ನು ಹುಳಿ ಮಾಡಿ, ಅಮೋನಿಯಾ ರಕ್ತಕ್ಕೆ ವಾಪಸ್ ಹೋಗದ ಹಾಗೆ ಹಿಡಿದು ಹೊರಗೆ ಸಾಗಿಸುತ್ತದೆ. ದಿನಕ್ಕೆ ಎರಡು ಮೂರು ಸಲ ಮೋಷನ್ ಆಗಲೇಬೇಕು.

ನಾವು ಮಾಡಿದ್ದ ದೊಡ್ಡ ತಪ್ಪು ಊಟದಲ್ಲಿ. ಪ್ರೋಟೀನ್ ಲಿವರಿಗೆ ಭಾರ ಅಂತ ಯಾರೋ ಹೇಳಿದ್ದಕ್ಕೆ ಅಮ್ಮ ತೊವ್ವೆ ನಿಲ್ಲಿಸಿ ಬರೀ ಗಂಜಿ ಕೊಡುತ್ತಿದ್ದಳು. ಅಪ್ಪನ ತೋಳು ಬತ್ತಿಹೋಗಿತ್ತು. "ತೊವ್ವೆ ನಿಲ್ಲಿಸಬೇಡಿ, ಲಿವರ್ ಸೋತಾಗ ಅಮೋನಿಯಾ ಹೀರಿಕೊಳ್ಳೋದು ಸ್ನಾಯು, ಅದನ್ನೇ ಕರಗಿಸ್ತಿದ್ದೀರಲ್ಲಮ್ಮ" ಅಂದರು ಡಾಕ್ಟರ್. ಅಪ್ಪನಿಗೆ ಹೇಳಿದ ಲೆಕ್ಕ ಮೈತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. ಕಿಡ್ನಿ ತೊಂದರೆ ಇರುವವರ ಲೆಕ್ಕ ಬೇರೆ, ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ಅವರಿವರ ಮಾತು ಕೇಳಿ ರೋಗಿಯ ತಟ್ಟೆಯಿಂದ ಬೇಳೆ ತೆಗೆಯಬೇಡಿ, ದಯವಿಟ್ಟು.

ಈಗ ಮಲಗುವ ಮುಂಚೆ ಅಪ್ಪನಿಗೆ ಹಾಲು, ಹುರಿಗಡಲೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಪ್ರತಿ ಮೋಷನ್ನಿಗೂ ಅಮ್ಮ ಪೆನ್ಸಿಲಿನಲ್ಲಿ ಒಂದು ಗೀಟು ಹಾಕುತ್ತಾಳೆ. ಒಂದೇ ಗೀಟು ಇದ್ದ ದಿನ ಸಂಜೆ ನಾನು ಅಪ್ಪನ ಎದುರು ಕೂತು, "ಕೈ ಚಾಚಿ" ಅನ್ನುತ್ತೇನೆ.