ಮೆಲ್ಬರ್ನ್‌ನ ಕ್ಯಾರಲ್ಸ್ ಸಂಜೆಗೆ ಹೊರಡುವವರಿಗೆ

ಡಿಸೆಂಬರ್‌ನಲ್ಲಿ ಮಕ್ಕಳ ಮನೆಗೆಂದು ಮೆಲ್ಬರ್ನ್‌ಗೆ ಹೊರಟಿರುವ ಪರಿಚಯದವರು ನಮ್ಮನ್ನು ಮೊದಲು ಕೇಳುವುದು ಫಿಲಿಪ್ ದ್ವೀಪದ ಪೆಂಗ್ವಿನ್‌ಗಳ ವಿಷಯ. ಪೆಂಗ್ವಿನ್‌ಗಳು ವರ್ಷವಿಡೀ ಅಲ್ಲೇ ಇರುತ್ತವೆ, ಆದರೆ ಜನರೆಲ್ಲ ಬಯಲಿನಲ್ಲಿ ಸೇರಿ ಮೇಣದ ಬತ್ತಿಯ ಬೆಳಕಿನಲ್ಲಿ ಕ್ರಿಸ್ಮಸ್ ಗೀತೆಗಳನ್ನು ಹಾಡುವ ‘ಕ್ಯಾರಲ್ಸ್ ಬೈ ಕ್ಯಾಂಡಲ್‌ಲೈಟ್’ ಇರುವುದು ಕ್ರಿಸ್ಮಸ್ ಹಿಂದಿನ ದಿನ ಮಾತ್ರ, ಆದ್ದರಿಂದ ಅದರ ಟಿಕೆಟ್ ಮೊದಲು ನೋಡಿಕೊಳ್ಳಿ ಎಂಬುದು ನಮ್ಮ ಉತ್ತರ. ಮಗಳ ಮನೆಯಲ್ಲಿದ್ದಾಗ ನಾನೂ ನನ್ನ ಪತ್ನಿಯೂ ಎರಡು ಬೇರೆ ಬೇರೆ ವರ್ಷ ಅದಕ್ಕೆ ಹೋಗಿದ್ದೆವು. ಮೊದಲ ಸಲ ಮಾಡಿದ ತಪ್ಪುಗಳನ್ನು ಎರಡನೆಯ ಸಲ ತಿದ್ದಿಕೊಂಡೆವಾದ್ದರಿಂದ ಈ ನಾಲ್ಕು ಮಾತು ಹೇಳುವ ಧೈರ್ಯ ಬಂದಿದೆ.

ಮೊದಲು ನಿರ್ಧರಿಸಬೇಕಾದದ್ದು ದಿನ. ಡಿಸೆಂಬರ್ 24ರ ರಾತ್ರಿಯ ಮುಖ್ಯ ಕಾರ್ಯಕ್ರಮವನ್ನು ನೈನ್ ವಾಹಿನಿ ದೇಶಕ್ಕೆಲ್ಲ ನೇರ ಪ್ರಸಾರ ಮಾಡುತ್ತದೆ. ಅದರ ಹಿಂದಿನ ಸಂಜೆ, ಅಂದರೆ 23ರಂದು, ಅದೇ ವೇದಿಕೆಯಲ್ಲಿ ನಡೆಯುವ ಪೂರ್ಣ ರಿಹರ್ಸಲ್‌ಗೂ ಸಾರ್ವಜನಿಕರಿಗೆ ಟಿಕೆಟ್ ಮಾರುತ್ತಾರೆ. ನಾವು ಹೋದಾಗ 23ರ ಜನಸಂದಣಿ ಹಗುರವಾಗಿತ್ತು, ಚಿಕ್ಕ ಮಕ್ಕಳ ಸಂಸಾರಗಳೇ ಹೆಚ್ಚಾಗಿದ್ದವು, ಮತ್ತು ಕ್ಯಾಮೆರಾದವರ ಅನುಕೂಲಕ್ಕಾಗಿ ಒಮ್ಮೊಮ್ಮೆ ಹಾಡನ್ನು ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಡಿಸಿದರು. ಸಂಗೀತವನ್ನು ಕೇಳಲೆಂದೇ ಹೋಗುವವರಿಗೆ, ಮೊಮ್ಮಕ್ಕಳನ್ನು ಕರೆದೊಯ್ಯುವವರಿಗೆ ನಾನು 23ನ್ನೇ ಹೇಳುತ್ತೇನೆ. ಹಬ್ಬದ ರಾತ್ರಿಯ ಬಿಸಿ ಬೇಕೆನ್ನುವವರು 24ಕ್ಕೆ ಹೋಗಲಿ, ಆದರೆ ಆ ದಿನ ತಾವು ಟೆಲಿವಿಷನ್ ಕಾರ್ಯಕ್ರಮವೊಂದರ ಒಳಗೆ ಕುಳಿತಿರುತ್ತೇವೆಂಬುದನ್ನು ಮರೆಯದಿರಲಿ.

ಸ್ಥಳದ ಹೆಸರು ಸಿಡ್ನಿ ಮೈಯರ್ ಮ್ಯೂಸಿಕ್ ಬೌಲ್. ಇದನ್ನು ಕೇಳಿ ಸಿಡ್ನಿ ನಗರಕ್ಕೆ ಹೋಗಬೇಕೇ ಎಂದು ನಮ್ಮ ಬೀಗರು ಗಾಬರಿಯಾಗಿದ್ದರು. ಸಿಡ್ನಿ ಇಲ್ಲಿ ಊರಲ್ಲ, ವ್ಯಕ್ತಿಯ ಹೆಸರು: ರಷ್ಯಾ ಸಾಮ್ರಾಜ್ಯದಿಂದ 1899ರಲ್ಲಿ ಬರಿಗೈಯಲ್ಲಿ ಎಂಬಂತೆ ಬಂದಿಳಿದು, ಮೈಯರ್ ಅಂಗಡಿಗಳನ್ನು ಕಟ್ಟಿ ಬೆಳೆಸಿದ ವ್ಯಾಪಾರಿ. 1929ರಲ್ಲಿ ಅವರು ಜನಸಾಮಾನ್ಯರಿಗಾಗಿ ಬಯಲಿನಲ್ಲಿ ಉಚಿತ ವಾದ್ಯಗೋಷ್ಠಿಗಳನ್ನು ಆರಂಭಿಸಿದ್ದರು, ಅದೇ ನೆನಪಿನಲ್ಲಿ ಕಟ್ಟಿದ ಈ ಬಯಲು ರಂಗಮಂದಿರ 1959ರ ಫೆಬ್ರುವರಿಯಲ್ಲಿ ತೆರೆದುಕೊಂಡಿತು. ಉಕ್ಕಿನ ಹಗ್ಗಗಳಿಗೆ ತೂಗುಬಿಟ್ಟ ತೆಳುವಾದ ಮಾಡಿನ ಕೆಳಗೆ ಸುಮಾರು ಎರಡು ಸಾವಿರ ಕುರ್ಚಿಗಳಿವೆ, ಅದರಾಚೆ ಹುಲ್ಲಿನ ಇಳಿಜಾರಿನಲ್ಲಿ ಇನ್ನೂ ಹತ್ತು ಸಾವಿರದಷ್ಟು ಜನ ಕೂರಬಹುದು. ಮಂಡಿ ನೋವಿರುವವರು ಹಣ ಹೆಚ್ಚಾದರೂ ಕುರ್ಚಿಯ ಟಿಕೆಟ್ಟನ್ನೇ ಕೊಳ್ಳಬೇಕು. ಇಳಿಜಾರಿನಲ್ಲಿ ನಾಲ್ಕೈದು ಗಂಟೆ ಕೂರುವುದೆಂದರೆ ಇಡೀ ಸಂಜೆ ಮೆಲ್ಲಮೆಲ್ಲನೆ ಕೆಳಕ್ಕೆ ಜಾರುತ್ತಿರುವುದು, ಪ್ರತಿ ಎರಡು ಹಾಡಿಗೊಮ್ಮೆ ಜಮಖಾನೆಯನ್ನು ಮೇಲಕ್ಕೆಳೆದುಕೊಳ್ಳುವುದು. ಮಳೆ ಬಂದರೆ ಮಾಡಿನ ಕೆಳಗಿರುವವರಿಗೆ ಮಾತ್ರ ರಕ್ಷಣೆ.

ಮೊದಲ ಸಲ ನಾವು ಹುಲ್ಲಿನ ಮೇಲೆ ಕುಳಿತಿದ್ದೆವು. ಐದು ಗಂಟೆಗೇ ಹೋಗಿ ನಡುಮಧ್ಯದಲ್ಲಿ ಒಳ್ಳೆಯ ಜಾಗ ಹಿಡಿದೆವೆಂದು ಬೀಗುತ್ತಿದ್ದಾಗ ಮುಂದಿದ್ದ ಉದ್ದ ಕೈಯ ಕ್ರೇನ್ ಕ್ಯಾಮೆರಾ ಇನ್ನೂ ಮಲಗಿತ್ತು. ಪ್ರಸಾರ ಶುರುವಾದೊಡನೆ ಅದು ಎದ್ದು, ಹಾಡುಗಾರರು ಬಂದಾಗಲೆಲ್ಲ ಸರಿಯಾಗಿ ನಮ್ಮ ಮುಂದೆಯೇ ತೇಲಾಡತೊಡಗಿತು. ವೇದಿಕೆಯ ಬಹುಪಾಲನ್ನು ನಾವು ದೊಡ್ಡ ಪರದೆಯ ಮೇಲೆಯೇ ನೋಡಬೇಕಾಯಿತು. ಜಾಗ ಹಿಡಿಯುವ ಮೊದಲು ಕ್ಯಾಮೆರಾಗಳೂ ಧ್ವನಿ ನಿಯಂತ್ರಣದ ಗುಡಾರವೂ ಎಲ್ಲಿವೆ ಎಂದು ನೋಡಿಕೊಂಡು, ಅವುಗಳ ನೇರಕ್ಕೆ ಬಾರದಂತೆ ಒಂದು ಪಕ್ಕಕ್ಕೆ ಸರಿದು ಕೂರುವುದು ಜಾಣತನ.

ನೇರ ಪ್ರಸಾರದ ದಿನ ಸಂಜೆ ಸಾಗುವ ರೀತಿಯೇ ಬೇರೆ. ಜಾಹೀರಾತು ಬಂದಾಗ ಮನೆಯಲ್ಲಿದ್ದವರು ಕಾಫಿಗೆ ಏಳುತ್ತಾರೆ, ಬಯಲಿನಲ್ಲಿ ನಾವು ಖಾಲಿ ವೇದಿಕೆ ನೋಡುತ್ತ ಕೂರುತ್ತೇವೆ. ಬಿಡುವು ಮುಗಿಯುವಾಗ ಚಪ್ಪಾಳೆಗೆ ಸನ್ನೆ ಬರುತ್ತದೆ, ಹಾಡೇ ಇಲ್ಲದೆ ಚಪ್ಪಾಳೆ ತಟ್ಟುತ್ತೇವೆ. ಇದು ನನಗೆ ಮೊದಲು ಕಿರಿಕಿರಿಯಾಯಿತು. ಮೈಸೂರಿನಲ್ಲಿ ಜಂಬೂಸವಾರಿಯನ್ನು ಬೀದಿಯಲ್ಲಿ ನಿಂತು ನೋಡಿದವರಿಗೆ ದೂರದರ್ಶನ ಎಂದರೆ ಮನೆಯಲ್ಲಿ ಉಳಿದವರಿಗಾಗಿ ಇರುವ ಏರ್ಪಾಡು, ಆನೆ ಅದಕ್ಕಾಗಿ ನಿಲ್ಲುವುದಿಲ್ಲ.

ಆದರೆ ಈ ಕಾರ್ಯಕ್ರಮದ ಹುಟ್ಟನ್ನು ತಿಳಿದ ಮೇಲೆ ಆ ಕಿರಿಕಿರಿ ಕಡಿಮೆಯಾಯಿತು. ಇದನ್ನು ಆರಂಭಿಸಿದ ನಾರ್ಮನ್ ಬ್ಯಾಂಕ್ಸ್ ಮೆಲ್ಬರ್ನ್‌ನ ರೇಡಿಯೊ ಉದ್ಘೋಷಕರು. 1937ರ ಕ್ರಿಸ್ಮಸ್ ಹಿಂದಿನ ರಾತ್ರಿ ಕೆಲಸ ಮುಗಿಸಿ ನಡೆದು ಹೋಗುತ್ತಿದ್ದಾಗ, ಕಿಟಕಿಯೊಂದರಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಒಬ್ಬಂಟಿಯಾಗಿ ಕುಳಿತು ರೇಡಿಯೊದಲ್ಲಿ ಬರುತ್ತಿದ್ದ ಕ್ರಿಸ್ಮಸ್ ಗೀತೆಗೆ ದನಿಗೂಡಿಸುತ್ತಿದ್ದ ವೃದ್ಧೆಯನ್ನು ಅವರು ಕಂಡರಂತೆ. ಹಬ್ಬದ ರಾತ್ರಿ ಒಂಟಿಯಾಗಿರುವವರೆಲ್ಲ ಒಂದೆಡೆ ಸೇರಿ ಹಾಡುವಂತಾಗಲಿ ಎಂದು ಮರುವರ್ಷ, 1938ರಲ್ಲಿ, ಯಾರಾ ನದಿಯ ದಡದ ಅಲೆಕ್ಸಾಂಡ್ರಾ ಉದ್ಯಾನದಲ್ಲಿ ನಡುರಾತ್ರಿಯ ಗಾಯನ ಏರ್ಪಡಿಸಿದಾಗ ಸುಮಾರು 10,000 ಜನ ಬಂದರು. ಅಂದರೆ ಪ್ರಸಾರವು ಬಯಲಿನ ಹಾಡಿಗೆ ಆಮೇಲೆ ಅಂಟಿಸಿದ್ದಲ್ಲ, ರೇಡಿಯೊದ ಮುಂದೆ ಕುಳಿತಿದ್ದ ಆ ಮುದುಕಿಯಿಂದಲೇ ಬಯಲಿನ ಹಾಡು ಹುಟ್ಟಿತು. ಕೋವಿಡ್‌ನಿಂದಾಗಿ 2020ರಲ್ಲಿ ಬಯಲಿಗೆ ಪ್ರೇಕ್ಷಕರನ್ನು ಬಿಡದಿದ್ದಾಗಲೂ ಟಿವಿಯಲ್ಲಿ ಕಾರ್ಯಕ್ರಮ ತಪ್ಪಲಿಲ್ಲ. ಮೊಣಕೈಗೆ ಮೊಣಕೈ ತಾಗುವಂತೆ ಕುಳಿತ ನಮಗಾಗಿ ಅಲ್ಲ, ಎಲ್ಲೋ ಮನೆಯಲ್ಲಿ ಒಬ್ಬರೇ ಕುಳಿತವರಿಗಾಗಿ ಈ ಚಪ್ಪಾಳೆ ಎಂದುಕೊಂಡರೆ ಸನ್ನೆಗೆ ಕೈ ತಟ್ಟಲು ಬೇಸರವಾಗುವುದಿಲ್ಲ.

ಸಂಗ್ರಹವಾಗುವ ಹಣ ವಿಷನ್ ಆಸ್ಟ್ರೇಲಿಯಾ ಸಂಸ್ಥೆಯ ಮೂಲಕ ಅಂಧ ಹಾಗೂ ಮಂದದೃಷ್ಟಿಯ ಮಕ್ಕಳ ನೆರವಿಗೆ ಹೋಗುತ್ತದೆ. ಪ್ರಸಾರದ ನಡುವೆ ಅಂಥ ಮಕ್ಕಳ ಕಥೆಗಳನ್ನು ತೋರಿಸಿ ದೇಣಿಗೆ ಕೇಳುತ್ತಾರೆ. ಅಲ್ಲಿ ಮಾರುವ ಹಾಡಿನ ಪುಸ್ತಕವನ್ನು ತಪ್ಪದೆ ಕೊಳ್ಳಿ, ಏಕೆಂದರೆ ಇಲ್ಲಿ ಕೇಳುಗರೂ ಹಾಡಬೇಕು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ನನ್ನ ಪತ್ನಿಗೆ ಅರ್ಧದಷ್ಟು ಹಾಡುಗಳು ಬಾಯಿಪಾಠವಾಗಿದ್ದವು. ಸರ್ಕಾರಿ ಶಾಲೆಯಲ್ಲಿ ಕಲಿತ ನಾನು ಪುಸ್ತಕದ ಸಾಲುಗಳ ಮೇಲೆ ಬೆರಳಿಟ್ಟು ಹಿಂಬಾಲಿಸಿದೆ. ನೀವು ಯಾವ ಮತದವರೆಂದು ಯಾರೂ ಕೇಳುವುದಿಲ್ಲ, ನಮ್ಮ ಅಕ್ಕಪಕ್ಕದಲ್ಲಿಯೇ ಪಂಜಾಬಿ, ಚೀನೀ, ತಮಿಳು ಸಂಸಾರಗಳು ಕುಳಿತಿದ್ದವು. ಕೊನೆಗೆ ಹ್ಯಾಂಡಲ್‌ನ ‘ಹಲ್ಲೆಲೂಯ’ ಸಮೂಹಗಾನ ಬಂದಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಆಗ ಕಾಲು ಜೋಮು ಹಿಡಿದಿದ್ದರೂ ಏಳಿ, ಹಿಂತಿರುಗಿ ಇಳಿಜಾರಿನ ಕಡೆ ನೋಡಿ. ಆ ದೃಶ್ಯವನ್ನು ವೇದಿಕೆಗೆ ಮುಖ ಮಾಡಿ ಕುಳಿತವರು ಕಾಣದೆ ಹೋಗುತ್ತಾರೆ, ಕ್ಯಾಮೆರಾಗಳು ಮಾತ್ರ ಕಾಣುತ್ತವೆ.

ಬತ್ತಿಯ ಚೆಲುವು ಕಾಣಲು ಕತ್ತಲಾಗಬೇಕಲ್ಲ. ಅಲ್ಲಿ ಅದು ಬೇಸಿಗೆ, ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಟ್ಟಿರುವ ಕಾಲ, ಸೂರ್ಯ ಮುಳುಗುವುದೇ ರಾತ್ರಿ ಎಂಟು ಮುಕ್ಕಾಲರ ಸುಮಾರಿಗೆ. ಐದಕ್ಕೆ ಹೋಗಿ ಕೂರುವವರಿಗೆ ಟೋಪಿಯೂ ಸನ್‌ಸ್ಕ್ರೀನೂ ಬೇಕು. ಅದೇ ಜನರಿಗೆ ಹತ್ತು ಗಂಟೆಗೆ ಸ್ವೆಟರೂ ಬೇಕು, ಏಕೆಂದರೆ ದಕ್ಷಿಣದ ಗಾಳಿ ತಿರುಗಿದರೆ ಅಲ್ಲಿನ ಹವೆ ಒಂದೇ ಗಂಟೆಯಲ್ಲಿ ಚಳಿಗಾಲವಾಗಿಬಿಡುತ್ತದೆ. ಕೊಡೆ ಬಿಡಿಸಿದರೆ ಹಿಂದಿನವರಿಗೆ ಏನೂ ಕಾಣದು, ರೇನ್‌ಕೋಟ್ ಇಟ್ಟುಕೊಳ್ಳಿ. ಬ್ಯಾಟರಿಯ ಬತ್ತಿಯೇ ವಾಸಿ, ಗಾಳಿಗೆ ಆರುವುದಿಲ್ಲ, ಮಕ್ಕಳ ಕೂದಲು ಸುಡುವುದಿಲ್ಲ. ಗಾಜಿನ ಬಾಟಲಿ ಒಯ್ಯಬೇಡಿ; ಕುರ್ಚಿ, ಚೀಲಗಳ ನಿಯಮ ಟಿಕೆಟ್ಟಿನೊಡನೆ ಬರುತ್ತದೆ, ಅದನ್ನು ಓದಿ. ನಾವು ಒಯ್ದ ಚಪಾತಿ ಸುರುಳಿ, ಪುಳಿಯೋಗರೆಗಳಿಗೆ ಯಾರೂ ಆಕ್ಷೇಪಿಸಲಿಲ್ಲ. ಒಳಗಿನ ಅಂಗಡಿಗಳ ಸಾಲು ಉದ್ದವಾಗಿತ್ತು, ಸಸ್ಯಾಹಾರಿಗಳ ಪಾಲಿಗೆ ಆಲೂ ಚಿಪ್ಸಿಗಿಂತ ಹೆಚ್ಚೇನೂ ಸಿಗಲಿಲ್ಲ.

ಕಾರಿನಲ್ಲಿ ಹೋಗುವ ಯೋಚನೆ ಬಿಡಿ. ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಇಳಿದು, ಪ್ರಿನ್ಸಸ್ ಸೇತುವೆ ದಾಟಿ ಸೇಂಟ್ ಕಿಲ್ಡಾ ರಸ್ತೆಯ ಎಡಬದಿಯ ಉದ್ಯಾನಗಳೊಳಗೆ ನಡೆದರೆ ನಮ್ಮ ವಯಸ್ಸಿನವರಿಗೂ ಹದಿನೈದು ಇಪ್ಪತ್ತು ನಿಮಿಷದ ದಾರಿ. ಹಿಂತಿರುಗುವಾಗ ಹನ್ನೆರಡು ಸಾವಿರ ಜನ ಅದೇ ಸೇತುವೆಯ ಕಡೆ ಹೊರಡುತ್ತಾರೆ. ನಾವು ಮೊದಲ ಸಲ ಅವರೊಡನೆ ನುಗ್ಗಿಯೂ ರೈಲು ತಪ್ಪಿಸಿಕೊಂಡೆವು. ಎರಡನೆಯ ಸಲ ಇಪ್ಪತ್ತು ನಿಮಿಷ ಕುಳಿತಲ್ಲೇ ಕುಳಿತು, ಉಳಿದ ಪುಳಿಯೋಗರೆ ಮುಗಿಸಿ ನಿಧಾನಕ್ಕೆ ಹೊರಟು, ಆರಾಮಾಗಿ ಮನೆ ಸೇರಿದೆವು. ಕೊನೆಯ ರೈಲಿನ ವೇಳೆಯನ್ನು ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ.

ಟಿಕೆಟ್ ಸಿಗದಿದ್ದರೆ, ಅಥವಾ ಸಿಡ್ನಿಯಲ್ಲೇ ಉಳಿದಿದ್ದರೆ, ಅಲ್ಲಿನ ಡೊಮೇನ್ ಉದ್ಯಾನದಲ್ಲಿ ಕ್ರಿಸ್ಮಸ್‌ಗೆ ಮುಂಚೆ ಸೆವೆನ್ ವಾಹಿನಿ ಪ್ರಸಾರ ಮಾಡುವ ಉಚಿತ ಕಾರ್ಯಕ್ರಮವಿದೆ. ಇನ್ನು, ಟಿವಿಯಲ್ಲಿ ನಮ್ಮನ್ನು ನೋಡಿ ಎಂದು ಊರಿನವರಿಗೆ ಹೇಳಿ ನಮ್ಮಂತೆ ಮುಜುಗರಪಡಬೇಡಿ. ಅಲ್ಲಿನ ರಾತ್ರಿ ಎಂಟೂವರೆ ನಮ್ಮಲ್ಲಿ ಮಧ್ಯಾಹ್ನದ ಮೂರು ಗಂಟೆ, ವೇಳೆ ಅನುಕೂಲವೇ ಸರಿ, ಆದರೆ ನೈನ್ ವಾಹಿನಿಯ ಆ್ಯಪ್ ಆಸ್ಟ್ರೇಲಿಯಾದ ಹೊರಗೆ ತೆರೆಯುವುದಿಲ್ಲ. ನನ್ನ ತಮ್ಮ ಮೈಸೂರಿನಲ್ಲಿ ಒಂದು ಗಂಟೆ ಫೋನ್ ತಿಕ್ಕಿ ಕೈಬಿಟ್ಟನು.

ಮರುದಿನ, ಅಂದರೆ 25ರಂದು, ಸೂಪರ್‌ಮಾರ್ಕೆಟ್‌ಗಳೂ ಮುಚ್ಚಿರುತ್ತವೆ. ತಡರಾತ್ರಿ ಬಂದು ಮಲಗಿ, ಬೆಳಗ್ಗೆ ಎದ್ದು ಕಾಫಿಗೆ ಹಾಲಿಲ್ಲವೆಂದು ಬೀದಿ ಬೀದಿ ಅಲೆಯುವುದು ಬೇಡವೆಂದಾದರೆ, ಬಯಲಿಗೆ ಹೊರಡುವ ಮೊದಲೇ ಹಾಲು ಮೊಸರು ತಂದಿಟ್ಟುಕೊಳ್ಳಿ.