ಹಳೆಯ ಮ್ಯೂಸಿಕಲ್‌ಗೆ ಹೊಸ ತಾರೆ: ಹೆಸರು ಮುಖ್ಯವೋ, ಕಂಠ ಮುಖ್ಯವೋ?

ಊರಿನಿಂದ ನ್ಯೂಯಾರ್ಕಿಗೆ ಬಂದ ಬಂಧುಗಳನ್ನೂ ಸ್ನೇಹಿತರನ್ನೂ ಅಲ್ಲಿನ ವೃತ್ತಿಪರ ರಂಗಭೂಮಿಯ ಕೇಂದ್ರವಾದ ಬ್ರಾಡ್‌ವೇಯ ನಾಟಕಗಳಿಗೆ ಕರೆದುಕೊಂಡು ಹೋಗುವುದು ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿರುವ ಸಂತೋಷದ ಕೆಲಸ. ನಾಟಕ ಮುಗಿದು ಹೊರಗೆ ಬರುವಾಗ ಅವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಐವತ್ತು ಅರವತ್ತು ವರ್ಷ ಹಳೆಯದಾದ ಮ್ಯೂಸಿಕಲ್ (ಹಾಡು ಕುಣಿತಗಳಿಂದ ಕಥೆ ಹೇಳುವ ನಾಟಕ) ಒಂದನ್ನು ಮತ್ತೆ ರಂಗಕ್ಕೆ ತರುವಾಗ ಮುಖ್ಯ ಪಾತ್ರಕ್ಕೆ ಜನ ಬಲ್ಲ ತಾರೆಯನ್ನು ಆರಿಸಬೇಕೋ, ಚೆನ್ನಾಗಿ ಹಾಡುವವರನ್ನು ಆರಿಸಬೇಕೋ? ಹೆಸರಿಲ್ಲದಿದ್ದರೆ ಟಿಕೆಟ್ ಹೋಗುವುದಿಲ್ಲ, ಕಂಠವಿಲ್ಲದಿದ್ದರೆ ನಾಟಕ ನಿಲ್ಲುವುದಿಲ್ಲ ಎಂಬ ಎರಡು ಮಾತೂ ನಿಜ. ಆದರೆ ಇವೆರಡನ್ನು ತಕ್ಕಡಿಗೆ ಹಾಕುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಬೇಕೆಂದು ನನಗೆ ಅನ್ನಿಸುತ್ತದೆ. ಆ ಪಾತ್ರವನ್ನು ಕುರಿತು ಕಥೆ ಏನು ಹೇಳುತ್ತದೆ, ಅದನ್ನು ಪ್ರೇಕ್ಷಕರು ನಂಬಬೇಕಾದರೆ ಎದುರಿಗೆ ನಿಂತವರಲ್ಲಿ ಯಾವುದು ಇರಲೇಬೇಕು?

'ಫನ್ನಿ ಗರ್ಲ್' ನಾಟಕದ ವಿಚಾರವನ್ನೇ ನೋಡೋಣ. ಜೀಗ್‌ಫೆಲ್ಡ್ ಫಾಲೀಸ್ ಎಂಬ ಹಾಡು, ಕುಣಿತ, ಹಾಸ್ಯಗಳ ವೈಭವದ ರಂಗಪ್ರದರ್ಶನಗಳಲ್ಲಿ ಹೆಸರು ಮಾಡಿದ ಹಾಸ್ಯನಟಿ, ಗಾಯಕಿ ಫ್ಯಾನಿ ಬ್ರೈಸ್ ಅವರ ಬದುಕನ್ನು ಆಧರಿಸಿದ ಈ ನಾಟಕ 1964ರ ಮಾರ್ಚ್ 26ರಂದು ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ಆರಂಭವಾಯಿತು. ಫ್ಯಾನಿಯ ಪಾತ್ರ ವಹಿಸಿದ ಬಾರ್ಬ್ರಾ ಸ್ಟ್ರೈಸಾಂಡ್ ಅವರಿಗೆ ಆಗ 21 ವರ್ಷ. 1,348 ಪ್ರದರ್ಶನಗಳನ್ನು ಕಂಡ ನಾಟಕ ಅದಾದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬ್ರಾಡ್‌ವೇಗೆ ಮರಳಲಿಲ್ಲ. ಆ ಕಂಠದ ನೆನಪಿನ ಎದುರು ಯಾರನ್ನು ನಿಲ್ಲಿಸುವುದು ಎಂಬ ಅಳುಕು ಅದಕ್ಕೆ ದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ. ಇನ್ನೊಂದು ತೊಡಕು ಕಥೆಯ ಒಳಗೇ ಇದೆ. ರಂಗದ ಮೇಲೆ ನಿಲ್ಲುವಷ್ಟು ಚೆಲುವು ನಿನಗಿಲ್ಲ ಎಂದು ಸುತ್ತಲಿನವರೆಲ್ಲ ಹೇಳುತ್ತಿರುವಾಗ, ಅತಿ ದೊಡ್ಡ ತಾರೆ ನಾನೇ, ಯಾರಿಗೂ ಅದು ಗೊತ್ತಿಲ್ಲ ಅಷ್ಟೇ ಎಂದು ಆ ಹುಡುಗಿ ನಾಟಕದ ಆರಂಭದಲ್ಲೇ ಹಾಡಿ ಹೇಳುತ್ತಾಳೆ. ಹಾಡು ಮುಗಿಯುವಷ್ಟರಲ್ಲಿ ಸಭಾಂಗಣದಲ್ಲಿ ಕುಳಿತವರು ಹೌದೆನ್ನಬೇಕು. ಅನ್ನದಿದ್ದರೆ ಅಲ್ಲಿಂದ ಮುಂದಿನ ಎರಡು ಗಂಟೆಗಳ ಕಥೆಗೆ ಆಧಾರವೇ ಉಳಿಯುವುದಿಲ್ಲ. ಇಲ್ಲಿ ಕಂಠವು ಪಾತ್ರದ ಅಲಂಕಾರವಲ್ಲ, ಕಥೆಯ ಸಾಕ್ಷಿ.

2022ರ ಏಪ್ರಿಲ್ 24ರಂದು, ಸ್ಟ್ರೈಸಾಂಡ್ ಅವರ ಎಂಬತ್ತನೆಯ ಹುಟ್ಟುಹಬ್ಬದ ದಿನ, ಮೈಕೆಲ್ ಮೇಯರ್ ಅವರ ನಿರ್ದೇಶನದಲ್ಲಿ ಈ ನಾಟಕ ಆಗಸ್ಟ್ ವಿಲ್ಸನ್ ರಂಗಮಂದಿರಕ್ಕೆ ಮರಳಿದಾಗ ಫ್ಯಾನಿಯ ಪಾತ್ರದಲ್ಲಿದ್ದವರು ಸಿನಿಮಾ ನಟಿ ಬೀನಿ ಫೆಲ್ಡ್‌ಸ್ಟೀನ್. ಹಾಸ್ಯದ ಸಮಯಪ್ರಜ್ಞೆ, ಪ್ರೇಕ್ಷಕರನ್ನು ಕೂಡಲೇ ತಮ್ಮವರನ್ನಾಗಿ ಮಾಡಿಕೊಳ್ಳುವ ಮುಗ್ಧ ಉತ್ಸಾಹ ಇವೆಲ್ಲ ಅವರಲ್ಲಿ ಇದ್ದವು. ಆದರೆ ವಿಮರ್ಶಕರಲ್ಲಿ ಅನೇಕರು ಬೆರಳಿಟ್ಟು ತೋರಿಸಿದ್ದು ಹಾಡಿನ ಕೊರತೆಯನ್ನು. ಬ್ರಾಡ್‌ವೇ ರಂಗಭೂಮಿಯ ಅತ್ಯುನ್ನತ ಗೌರವವಾದ ಟೋನಿ ಪ್ರಶಸ್ತಿಗಳಿಗೆ ಆ ವರ್ಷ ಇಡೀ ನಾಟಕಕ್ಕೆ ಒಂದೇ ಒಂದು ನಾಮನಿರ್ದೇಶನ ದೊರೆಯಿತು, ಅದೂ ಪೋಷಕ ಪಾತ್ರದ ಜೇರೆಡ್ ಗ್ರೈಮ್ಸ್ ಅವರಿಗೆ. ಫೆಲ್ಡ್‌ಸ್ಟೀನ್ ಜುಲೈ 31ರಂದು ನಿರ್ಗಮಿಸಿದರು. ಸೆಪ್ಟೆಂಬರ್ 6ರಿಂದ ಲೀ ಮಿಶೆಲ್ ಬಂದರು. 'ಗ್ಲೀ' ಧಾರಾವಾಹಿಯಲ್ಲಿ ಇದೇ ಪಾತ್ರದ ಕನಸು ಕಾಣುವ ಹುಡುಗಿಯಾಗಿ ಅಭಿನಯಿಸಿ, ಇದೇ ನಾಟಕದ ಹಾಡುಗಳನ್ನು ಹಾಡಿದ್ದವರು ಅವರು. ರಂಗಸಜ್ಜು, ನಿರ್ದೇಶನ, ವಾದ್ಯವೃಂದ ಯಾವುದೂ ಬದಲಾಗಲಿಲ್ಲ. ವಾರದ ಗಳಿಕೆ ಮಾತ್ರ 20 ಲಕ್ಷ ಡಾಲರ್ ದಾಟಿತು. ಮೊದಲ ನಟಿಯನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ತನಗೆ ಬಂದ ಅವಕಾಶವನ್ನು ಅವರು ಮನಸ್ಸಿಟ್ಟು ನಿರ್ವಹಿಸಿದರು. ಕಥೆ ಯಾವ ಸಾಕ್ಷಿಯನ್ನು ಬೇಡುತ್ತದೆ ಎಂದು ಕೇಳಿಕೊಳ್ಳಬೇಕಾಗಿದ್ದವರು ಆರಿಸಿದವರು.

ಹಾಗಾದರೆ ಕಂಠವೇ ಮೊದಲು ಎಂದು ನಿಯಮ ಮಾಡಿಬಿಡಬಹುದೇ? 'ಫನ್ನಿ ಗರ್ಲ್'ಗೆ ಸಂಗೀತ ಕೊಟ್ಟ ಜೂಲ್ ಸ್ಟೈನ್ ಅವರದೇ ಸಂಗೀತವಿರುವ 'ಜಿಪ್ಸಿ' ನಾಟಕ ಅದಕ್ಕೆ ಒಪ್ಪುವುದಿಲ್ಲ. 1959ರ ಮೇ 21ರಂದು ಆರಂಭವಾದ ಈ ನಾಟಕದ ಸಾಹಿತ್ಯ ಸ್ಟೀಫನ್ ಸೋಂಡ್‌ಹೈಮ್ ಅವರದು, ಸಂಭಾಷಣೆ ಆರ್ಥರ್ ಲಾರೆಂಟ್ಸ್ ಅವರದು. ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಹೇಗಾದರೂ ರಂಗದ ತಾರೆಗಳನ್ನಾಗಿ ಮಾಡಲು ಊರೂರು ಅಲೆಯುವ ರೋಸ್ ಎಂಬ ತಾಯಿ ಅದರ ಕೇಂದ್ರ. ಈ ಪಾತ್ರ ರೂಪುಗೊಂಡದ್ದೇ ಎಥೆಲ್ ಮರ್ಮನ್ ಅವರ ಕಂಠಕ್ಕಾಗಿ. ಮೈಗೆ ಮೈಕು ಅಂಟಿಸಿಕೊಳ್ಳುವ ಪದ್ಧತಿ ಇಲ್ಲದಿದ್ದ ಆ ಕಾಲದಲ್ಲಿ ಮರ್ಮನ್ ಅವರ ಮಾತಿನ ಒಂದೊಂದು ಅಕ್ಷರವೂ ಕೊನೆಯ ಸಾಲಿಗೆ ತಲುಪುತ್ತಿತ್ತು. ನಮ್ಮ ಕಂಪನಿ ನಾಟಕಗಳ ನಟರು ಹಾರ್ಮೋನಿಯಂನ ಏರು ಶ್ರುತಿಗೆ ಹಾಡಿ ಟೆಂಟಿನ ಆಚೆ ನಿಂತವರಿಗೂ ಕೇಳಿಸುತ್ತಿದ್ದರು ಎಂದು ಹಿರಿಯರು ವರ್ಣಿಸುವುದನ್ನು ಕೇಳಿದವರಿಗೆ ಆ ಬಗೆಯ ಕಂಠದ ಬೆಲೆಯನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಕಥೆಯ ಪ್ರಕಾರ ರೋಸ್ ತಾರೆಯಲ್ಲ. ಅವಕಾಶವೇ ಸಿಗದೆ ಉಳಿದವಳು, ಆ ಹಸಿವನ್ನು ಮಕ್ಕಳ ಮೇಲೆ ಹೊರಿಸಿದವಳು. ಆದ್ದರಿಂದ ಮರ್ಮನ್ ಅವರಂತೆ ಹಾಡುವವರನ್ನು ಹುಡುಕುವುದು ಈ ಪಾತ್ರದ ಮಟ್ಟಿಗೆ ತಪ್ಪು ಹುಡುಕಾಟ. 1973ರಲ್ಲಿ ಲಂಡನ್ನಿನಲ್ಲಿ, 1974ರಲ್ಲಿ ನ್ಯೂಯಾರ್ಕಿನಲ್ಲಿ ಲಾರೆಂಟ್ಸ್ ತಾವೇ ನಿರ್ದೇಶಿಸಿದಾಗ ಆರಿಸಿದ್ದು ಏಂಜೆಲಾ ಲ್ಯಾನ್ಸ್‌ಬರಿ ಅವರನ್ನು. ಅವರದು ಕಹಳೆಯಂಥ ಕಂಠವಲ್ಲ. ಮೂಲತಃ ನಟಿಯ ಕಂಠ. ಕೊನೆಯ ಹಾಡಿನಲ್ಲಿ ರೋಸ್ ಖಾಲಿ ರಂಗದ ಮೇಲೆ ಒಬ್ಬಳೇ ನಿಂತು ತನ್ನೊಳಗಿನದನ್ನೆಲ್ಲ ಹೊರಹಾಕುತ್ತಾಳೆ; ಚಪ್ಪಾಳೆ ಬೀಳುತ್ತದೆ; ಅವಳು ತಲೆಬಾಗಿ ವಂದಿಸುತ್ತಾಳೆ. ಆ ಪ್ರಯೋಗದಲ್ಲಿ ಪ್ರೇಕ್ಷಕರ ಚಪ್ಪಾಳೆ ನಿಂತ ಮೇಲೂ ಲ್ಯಾನ್ಸ್‌ಬರಿ ವಂದಿಸುತ್ತಲೇ ಇದ್ದರು. ರೋಸ್ ವಂದಿಸುತ್ತಿರುವುದು ನಮಗಲ್ಲ, ಅವಳ ತಲೆಯೊಳಗೆ ಮಾತ್ರ ತುಂಬಿರುವ ಸಭಾಂಗಣಕ್ಕೆ ಎಂಬುದು ಪ್ರೇಕ್ಷಕರಿಗೆ ಆಗ ಹೊಳೆಯುತ್ತಿತ್ತು. ಆ ಮೌನವನ್ನು ಹಿಡಿದು ನಿಲ್ಲಿಸುವುದಕ್ಕೆ ಬೇಕಾದದ್ದು ಶ್ವಾಸಬಲಕ್ಕಿಂತ ಹೆಚ್ಚಾಗಿ ನಟನೆಯ ಧೈರ್ಯ.

1989ರಲ್ಲಿ ರೋಸ್ ಆಗಿ ಬಂದ ಟೈನ್ ಡೇಲಿ ಟಿವಿಯ ಪೊಲೀಸ್ ಧಾರಾವಾಹಿಯಿಂದ ಪರಿಚಿತರಾಗಿದ್ದವರು, ಗಾಯಕಿ ಎಂದು ಯಾರೂ ಅವರನ್ನು ಕರೆಯುತ್ತಿರಲಿಲ್ಲ; ಟೋನಿ ಅವರಿಗೆ ಬಂತು. 2003ರಲ್ಲಿ ಬರ್ನಡೆಟ್ ಪೀಟರ್ಸ್ ಬಂದಾಗ ಮರ್ಮನ್ ಅವರ ಅಳತೆಗೋಲು ಹಿಡಿದವರಿಗೆ ಅವರು ತೀರ ಮೃದುವಾಗಿ ಕಂಡರು. 2008ರಲ್ಲಿ ಪ್ಯಾಟಿ ಲುಪೋನ್ ಅದೇ ಅಳತೆಗೋಲಿಗೂ ಉತ್ತರ ಕೊಟ್ಟು ಟೋನಿ ಪಡೆದರು. 2024ರ ಡಿಸೆಂಬರಿನಲ್ಲಿ ಜಾರ್ಜ್ ಸಿ. ವುಲ್ಫ್ ಅವರ ನಿರ್ದೇಶನದಲ್ಲಿ ಆಡ್ರಾ ಮೆಕ್‌ಡೊನಾಲ್ಡ್ ಈ ಪಾತ್ರಕ್ಕೆ ಬಂದರು. ಶಾಸ್ತ್ರೀಯವಾಗಿ ಪಳಗಿದ ಸೊಪ್ರಾನೊ (ಹೆಣ್ಣಿನ ಅತಿ ಏರು ಸ್ವರದ) ಕಂಠ ಈ ಹಾಡುಗಳಿಗೆ ಒಗ್ಗುತ್ತದೆಯೇ ಎಂಬ ಚರ್ಚೆ ಬಹಳ ನಡೆಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ಸಂಗತಿ. ಬ್ರಾಡ್‌ವೇಯ ಮೊದಲ ಕಪ್ಪುವರ್ಣೀಯ ರೋಸ್ ಅವರು. 1920ರ ದಶಕದ ಅಮೆರಿಕದಲ್ಲಿ ಕಪ್ಪು ತಾಯಿಯೊಬ್ಬಳು ತನ್ನ ಮಗಳಿಗಾಗಿ ರಂಗದ ಬಾಗಿಲು ತಟ್ಟುತ್ತಿದ್ದಾಳೆ ಎಂದಾಗ, ನನಗೇಕೆ ಅವಕಾಶ ಸಿಗಲಿಲ್ಲ ಎಂಬ ಅವಳ ಪ್ರಶ್ನೆಗೆ ಮೊದಲಿಗಿಂತ ಬೇರೆಯೇ ಆಳ ಬರುತ್ತದೆ. ಒಂದು ಅಕ್ಷರವನ್ನೂ ಬದಲಿಸದೆ ಹಳೆಯ ನಾಟಕವೊಂದು ಹೊಸ ಮಾತನ್ನು ಆಡುವಂತೆ ಮಾಡುವ ಇಂಥ ಆಯ್ಕೆ ನನಗೆ ಎಲ್ಲಕ್ಕಿಂತ ಪ್ರಿಯ.

ಹೆಸರೇ ಮುಖ್ಯವಾಗುವ ಪಾತ್ರಗಳೂ ಇಲ್ಲದಿಲ್ಲ. 'ಹಲೋ, ಡಾಲಿ!' ನಾಟಕದಲ್ಲಿ ಡಾಲಿ ಬಹಳ ಕಾಲದ ನಂತರ ತನ್ನ ಹಳೆಯ ಹೋಟೆಲಿಗೆ ಮರಳಿ ಮೆಟ್ಟಿಲಿಳಿದು ಬರುತ್ತಾಳೆ, ಮಾಣಿಗಳೆಲ್ಲ ಸಾಲುಗಟ್ಟಿ ನಿಂತು ಅವಳನ್ನು ಹಾಡಿ ಸ್ವಾಗತಿಸುತ್ತಾರೆ. ಆ ದೃಶ್ಯಕ್ಕೆ ಪ್ರೇಕ್ಷಕರು ಮನೆಯಿಂದಲೇ ತಂದ ಪ್ರೀತಿ ಬೇಕು. 2017ರಲ್ಲಿ ಜನಪ್ರಿಯ ಗಾಯಕಿ, ನಟಿ ಬೆಟ್ ಮಿಡ್ಲರ್ ಆ ಮೆಟ್ಟಿಲುಗಳನ್ನು ಇಳಿದಾಗ ಸಭಾಂಗಣವೇ ಮಾಣಿಗಳ ಜೊತೆ ಸೇರಿಕೊಂಡಿತು. ಮಂಗಳವಾರಗಳಂದು ಆ ಪಾತ್ರವನ್ನು ವಹಿಸುತ್ತಿದ್ದ ಡಾನಾ ಮರ್ಫಿ ಹಾಡುಗಾರಿಕೆಯಲ್ಲಿ ನನ್ನ ಅಭಿಪ್ರಾಯದಂತೆ ಅವರಿಗಿಂತ ಒಂದು ಕೈ ಮೇಲು. ಆದರೂ ಆ ಒಂದು ದೃಶ್ಯವು ಕೇಳುವುದು ಅದನ್ನಲ್ಲ.

ಎಲ್ಲ ಲೆಕ್ಕ ಮುಗಿದ ಮೇಲೂ ಒಂದು ಕಠಿಣ ವಾಸ್ತವ ಉಳಿಯುತ್ತದೆ. ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಪ್ರದರ್ಶನಗಳು. ಸಿನಿಮಾದಿಂದ ಬಂದವರಿಗೆ ಶ್ರುತಿಯನ್ನು ಇಳಿಸಿ ಕೊಡಬಹುದು, ಕುಣಿತವನ್ನು ಸರಳಗೊಳಿಸಬಹುದು. ಭಾನುವಾರ ಸಂಜೆಯ ಎಂಟನೆಯ ಪ್ರದರ್ಶನದಲ್ಲಿ ಕೊನೆಯ ಹಾಡನ್ನು ಮುಟ್ಟಿಸಬಲ್ಲ ದಮ್ಮನ್ನು ಯಾರೂ ಸಾಲ ಕೊಡಲಾರರು. ನಾಟಕ ಪೂರ್ತಿಯಾಗಿ ಒಬ್ಬ ತಾರೆಗೆ ಕಟ್ಟಿಕೊಂಡಿದ್ದರೆ ಇನ್ನೊಂದು ಅಪಾಯವಿದೆ: ಹ್ಯೂ ಜ್ಯಾಕ್‌ಮನ್ ಅವರ ಅವಧಿ ಮುಗಿದ 2023ರ ಜನವರಿ 15ರಂದೇ 'ದ ಮ್ಯೂಸಿಕ್ ಮ್ಯಾನ್' ಕೂಡ ಮುಗಿಯಿತು.

ಆದ್ದರಿಂದ ತಾರೆಯ ಜೊತೆಗೆ ಅವರ ಬದಲಿಯಾಗಿ ನಿಲ್ಲುವ ಸ್ಟ್ಯಾಂಡ್‌ಬೈ ಯಾರು ಎಂದೂ ನಾನು ನೋಡುತ್ತೇನೆ. 'ಫನ್ನಿ ಗರ್ಲ್'ನಲ್ಲಿ ಇಬ್ಬರು ತಾರೆಯರ ನಡುವಿನ ಆಗಸ್ಟ್ ತಿಂಗಳು ಫ್ಯಾನಿಯ ಪಾತ್ರವನ್ನು ಹೊತ್ತವರು ಜೂಲಿ ಬೆಂಕೊ. ಹೆಚ್ಚು ಜನ ಕೇಳಿರದ ಹೆಸರು ಅದು. ಅವರ ಹಾಡನ್ನು ಕೇಳಿ ಮೆಚ್ಚಿದವರು ಅನೇಕರು. ಲೀ ಮಿಶೆಲ್ ಬಂದ ಮೇಲೂ ಗುರುವಾರದ ಪ್ರದರ್ಶನ ಅವರದೇ ಆಗಿತ್ತು. ಟಿಕೆಟ್ ಯಾವ ದಿನಕ್ಕೆ ಕೊಳ್ಳಲಿ ಎಂದು ಆ ವರ್ಷ ನನ್ನನ್ನು ಕೇಳಿದವರಿಗೆಲ್ಲ ನಾನು ಗುರುವಾರಕ್ಕೇ ಕೊಳ್ಳಿ ಎಂದು ಹೇಳುತ್ತಿದ್ದೆ.