ಮುಂದಿನ ಐಎಫ್‌ಎಸ್ ಕಿತ್ತು ಸಾಲಿಡ್ ಆಕ್ಸಲ್ ಹಾಕಿಸಲಾ?

ನನ್ನ ಹಳೇ ಟೊಯೋಟಾ ಪಿಕಪ್‌ನ ಕೆಳಗೆ ಬಗ್ಗಿ ನೋಡಿದವರೆಲ್ಲ ಎದ್ದು ನಿಂತು ಕೇಳುವ ಪ್ರಶ್ನೆ ಒಂದೇ: "ನಮ್ಮ ಗಾಡಿಗೂ ಮುಂದೆ ಸಾಲಿಡ್ ಆಕ್ಸಲ್ ಹಾಕಿಸಿದ್ರೆ ಹೇಗೆ?" ಅಂದರೆ ಮುಂದಿನ ಚಕ್ರಗಳಿಗೆ ಬೇರೆ ಬೇರೆ ಇರುವ ಸಸ್ಪೆನ್ಶನ್ (ಐಎಫ್‌ಎಸ್) ಕಿತ್ತು, ಎರಡನ್ನೂ ಒಂದೇ ಗಟ್ಟಿ ಆಕ್ಸಲ್‌ಗೆ ಜೋಡಿಸುವುದು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ಗೆಳೆಯರೂ ಕೇಳುತ್ತಾರೆ. ಸಕಲೇಶಪುರ, ಮಡಿಕೇರಿ ಕಡೆಯ ಜೀಪ್ ಹುಚ್ಚಿನ ಹುಡುಗರೂ ಫೋನ್ ಮಾಡಿ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಗಾಡಿ ಹೆಚ್ಚಾಗಿ ಓಡುವುದು ಬಂಡೆಗಳ ಮೇಲೆ, ನಡೆದು ಹೋಗುವವರಿಗಿಂತ ನಿಧಾನವಾಗಿ, ಅಂತಾದರೆ ಹಾಕಿಸಿ. ಬೇರೆ ಕಾರಣಕ್ಕೆ ಬೇಡ. ಗಾಡಿ ಎತ್ತರ ಕಾಣಲಿ ಅಂತಂತೂ ಬೇಡವೇ ಬೇಡ. ಹಾಕಿಸುವುದೇ ನಿಜವಾದರೆ, ಲೆಕ್ಕ ಶುರು ಮಾಡಬೇಕಾದದ್ದು ಆಕ್ಸಲ್‌ನಿಂದ ಅಲ್ಲ, ಸ್ಟೀರಿಂಗ್‌ನಿಂದ. ಇದನ್ನು ಮಾತ್ರ ಜನ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಟೊಯೋಟಾ ಕಂಪನಿ ಅಮೆರಿಕದಲ್ಲಿ ಫೋರ್ ವೀಲ್ ಡ್ರೈವ್ ಪಿಕಪ್ ಮಾರಲು ಶುರು ಮಾಡಿದ್ದು 1979ರಲ್ಲಿ. 1985ರವರೆಗಿನ ಗಾಡಿಗಳಿಗೆ ಮುಂದೆಯೂ ಗಟ್ಟಿ ಆಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗ್. ನಮ್ಮ ಲಾರಿಗಳ ಕೆಳಗೆ ಒಂದರ ಮೇಲೊಂದು ಪ್ಲೇಟ್ ಜೋಡಿಸಿರುತ್ತಾರಲ್ಲ, ಅದೇ. 1986ರ ಮಾಡೆಲ್‌ನಿಂದ ಮುಂದಿನ ಎರಡು ಚಕ್ರಗಳನ್ನು ಬೇರೆ ಮಾಡಿದರು. ಪ್ರತಿ ಚಕ್ರಕ್ಕೂ ಅದರದ್ದೇ ಆರ್ಮ್‌ಗಳು, ಸ್ಪ್ರಿಂಗ್ ಬದಲು ತಿರುಚಿಕೊಳ್ಳುವ ಟಾರ್ಶನ್ ಬಾರ್. ಇದೇ ಐಎಫ್‌ಎಸ್. ಡಾಂಬರು ರಸ್ತೆಯಲ್ಲಿ ಗಾಡಿ ಕಾರಿನ ಹಾಗೆ ಓಡಬೇಕು ಅಂತ ಗಿರಾಕಿಗಳು ಬಯಸುತ್ತಿದ್ದ ಕಾಲ ಅದು. ಷೆವ್ರೊಲೆ ಕೂಡ 1988ರಲ್ಲಿ ತನ್ನ ದೊಡ್ಡ ಪಿಕಪ್‌ಗಳಲ್ಲಿ ಅದೇ ದಾರಿ ಹಿಡಿಯಿತು. ನನ್ನದು 86ರ ನಂತರದ ಗಾಡಿ. ಹಾಗಾಗಿ ಐಎಫ್‌ಎಸ್ ಕಿತ್ತು, 85ಕ್ಕಿಂತ ಹಳೇ ಗಾಡಿಯ ಆಕ್ಸಲ್ ತಂದು ಕೂರಿಸಿದ್ದೇನೆ.

ಇದರಿಂದ ಏನು ಸಿಗುತ್ತದೆ? ರುಬಿಕಾನ್ ಟ್ರೇಲ್ ಹೆಸರು ಕೇಳಿರಬಹುದು. ಜಾರ್ಜ್‌ಟೌನ್ ಕಡೆಯಿಂದ ಲೇಕ್ ಟಾಹೊ ಕಡೆಗೆ ಸಿಯೆರಾ ನೆವಾಡಾ ಬೆಟ್ಟ ದಾಟುವ, ಸುಮಾರು 22 ಮೈಲಿ ಉದ್ದದ ಹಾದಿ. ಪೂರ್ತಿ ಗ್ರಾನೈಟ್. ಲೂನ್ ಲೇಕ್ ಬಿಟ್ಟು ಸ್ವಲ್ಪ ಮುಂದೆ ಹೋದರೆ ಫ್ರಿಜ್ಜಿನಷ್ಟು ದೊಡ್ಡ ಗುಂಡುಗಳು ಬರುತ್ತವೆ. ಅಲ್ಲಿ ಎಡ ಚಕ್ರ ಬಂಡೆ ಹತ್ತುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಐಎಫ್‌ಎಸ್ ಗಾಡಿಯಲ್ಲಿ ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಡಬ್ಬ, ಇರುವುದು ಚಾಸಿಗೆ ಬೋಲ್ಟ್ ಆಗಿ. ಚಕ್ರ ಬಂಡೆ ಹತ್ತಿ ಸಸ್ಪೆನ್ಶನ್ ಅದುಮಿಕೊಂಡಾಗ, ಚಕ್ರದ ಲೆಕ್ಕಕ್ಕೆ ಚಾಸಿ ಕೆಳಗೆ ಬರುತ್ತದೆ. ಜೊತೆಗೆ ಡಿಫರೆನ್ಷಿಯಲ್ಲೂ, ಅದರ ಸುತ್ತಲಿನ ಕ್ರಾಸ್‌ಮೆಂಬರ್ ಕೂಡ. ಜಾಗ ಬೇಕಾದ ಹೊತ್ತಿಗೇ ಜಾಗ ಕಮ್ಮಿಯಾಗುತ್ತದೆ. ಗಟ್ಟಿ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಚಕ್ರದ ಜೊತೆಯಲ್ಲೇ ಮೇಲೆ ಹೋಗುತ್ತದೆ. ತಕ್ಕಡಿಯ ಹಾಗೆ ಒಂದು ಬದಿ ಏರಿದರೆ ಇನ್ನೊಂದು ಬದಿ ಕೆಳಗೆ ಒತ್ತಿಕೊಳ್ಳುತ್ತದೆ. ಆ ಕಡೆಯ ಟೈರ್ ಗಾಳಿಯಲ್ಲಿ ತೇಲದೆ ನೆಲ ಹಿಡಿಯುತ್ತದೆ. ಬಂಡೆ ಹತ್ತಲು ಬೇಕಾದದ್ದು ಇದೇ.

ಒಂದು ತಪ್ಪು ತಿಳುವಳಿಕೆ ತುಂಬ ಜನರಿಗಿದೆ. ಸಾಲಿಡ್ ಆಕ್ಸಲ್ ಹಾಕಿ, ಗಾಡಿ ಎತ್ತಿಬಿಟ್ಟರೆ ಗ್ರೌಂಡ್ ಕ್ಲಿಯರೆನ್ಸ್ ಜಾಸ್ತಿಯಾಗುತ್ತೆ ಅಂತ. ಹೊಟ್ಟೆಯ ಕೆಳಗೆ ಆಗುತ್ತದೆ, ನಿಜ. ಆದರೆ ಡಿಫರೆನ್ಷಿಯಲ್ ಕೆಳಗೆ ಆಗುವುದಿಲ್ಲ. ಅಲ್ಲಿನ ಎತ್ತರವನ್ನು ತೀರ್ಮಾನ ಮಾಡುವುದು ಟೈರ್ ಮಾತ್ರ. 33 ಇಂಚಿನ ಟೈರ್ ತೆಗೆದು 35 ಹಾಕಿದರೆ ಸಿಗುವುದು ಅದರ ವ್ಯತ್ಯಾಸದ ಅರ್ಧ, ಒಂದೇ ಇಂಚು. ಆರು ಇಂಚು ಲಿಫ್ಟ್ ಮಾಡಿಸಿದರೂ ಆ ಒಂದು ಇಂಚು ಒಂದೇ ಇಂಚು. ಇದು ಮನಸ್ಸಿಗೆ ಬಂದರೆ ಸುಮ್ನೆ ಎತ್ತರ ಏರಿಸುವ ಆಸೆ ತಾನಾಗಿ ಇಳಿಯುತ್ತದೆ. ಎಷ್ಟು ತಗ್ಗಿನಲ್ಲಿ ಟೈರ್ ತಾಗದೆ ಆಡುತ್ತದೋ ಅಷ್ಟು ತಗ್ಗಿನಲ್ಲೇ ಗಾಡಿ ಇರಬೇಕು. ಅಡ್ಡ ಇಳಿಜಾರಿನಲ್ಲಿ ಪಲ್ಟಿ ಆಗದೆ ಉಳಿಸುವುದು ಅದು.

ಹಾಗಂತ ಐಎಫ್‌ಎಸ್ ಕೆಟ್ಟದ್ದೇನಲ್ಲ. ಮರುಭೂಮಿಯಲ್ಲಿ, ಮೆಕ್ಸಿಕೋದ ಬಾಹಾ ಕಡೆಯ ಅಲೆ ಅಲೆಯಾದ ಮಣ್ಣು ದಾರಿಯಲ್ಲಿ ಜೋರಾಗಿ ಓಡಿಸುವವರು ಗಟ್ಟಿ ಆಕ್ಸಲ್ ಹಾಕಿಸಿದರೆ ಪಶ್ಚಾತ್ತಾಪ ಪಡುತ್ತಾರೆ. ಅಷ್ಟು ಭಾರದ ಕಬ್ಬಿಣ ಪ್ರತಿ ಗುಂಡಿಗೂ ಮೇಲೆ ಕೆಳಗೆ ಹಾರುತ್ತಿದ್ದರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದ ಜಾನ್ಸನ್ ವ್ಯಾಲಿಯಲ್ಲಿ 2007ರಿಂದ ನಡೆಯುವ ಕಿಂಗ್ ಆಫ್ ದ ಹ್ಯಾಮರ್ಸ್ ರೇಸ್‌ನಲ್ಲಿ ಬಂಡೆಯೂ ಇದೆ, ಮರುಭೂಮಿಯೂ ಇದೆ. ಅಲ್ಲಿ ಐಎಫ್‌ಎಸ್ ಗಾಡಿಗಳೂ ಗೆದ್ದಿವೆ. ನೆಲ ಯಾವುದು, ವೇಗ ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇನ್ನೊಂದು ಮಾತು. ನಿಮ್ಮ ಗಾಡಿಗೆ ಹಿಂದೆ ಲಾಕರ್ ಇದೆಯಾ? ಎರಡೂ ಹಿಂದಿನ ಚಕ್ರ ಒಟ್ಟಿಗೆ ತಿರುಗುವ ಹಾಗೆ ಮಾಡುವ ಸಾಮಾನು ಅದು. ಇಲ್ಲ ಅಂದರೆ ಮೊದಲು ಅದನ್ನು ಹಾಕಿಸಿ. ಒಳ್ಳೇ ಟೈರ್ ಹಾಕಿಸಿ. ಟ್ರೇಲ್‌ಗೆ ಇಳಿಯುವ ಮುಂಚೆ ಟೈರ್ ಗಾಳಿ 15 ಪಿಎಸ್‌ಐ ಆಸುಪಾಸಿಗೆ ಇಳಿಸುವ ಅಭ್ಯಾಸ ಮಾಡಿಕೊಳ್ಳಿ. ಇದಕ್ಕೆ ಆಗುವ ಖರ್ಚು ಆಕ್ಸಲ್ ಬದಲಾವಣೆಯ ಮುಂದೆ ಏನೂ ಅಲ್ಲ. ಇಷ್ಟು ಮಾಡಿದ ಐಎಫ್‌ಎಸ್ ಟೊಯೋಟಾಗಳು ರುಬಿಕಾನ್ ದಾಟುವುದನ್ನು ಕಣ್ಣಾರೆ ನೋಡಿದ್ದೇನೆ. ಎಷ್ಟೋ ಜನರಿಗೆ ಅಲ್ಲಿಗೇ ಸಾಕಾಗುತ್ತದೆ.

ಸಾಕಾಗದವರಿಗೆ ಈಗ ಸ್ಟೀರಿಂಗ್ ವಿಷಯ. 79ರಿಂದ 85ರ ಟೊಯೋಟಾದಲ್ಲಿ ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ರಾಡ್ ಹಿಂದೆ ಮುಂದೆ ಓಡಾಡುತ್ತಿತ್ತು. ಲೀಫ್ ಸ್ಪ್ರಿಂಗ್ ಗಟ್ಟಿಯಾಗಿ ಸ್ವಲ್ಪವೇ ಆಡುವಷ್ಟು ದಿನ ಅದು ಸರಿ. ಮೆತ್ತಗಿನ ಉದ್ದ ಸ್ಪ್ರಿಂಗ್ ಹಾಕಿದಿರಿ ಅನ್ನಿ. ಆಕ್ಸಲ್ ಕೆಳಗಿಳಿದ ಕೂಡಲೇ ರಾಡ್ ಎಳೆದುಕೊಂಡು, ನೀವು ಸ್ಟೀರಿಂಗ್ ಮುಟ್ಟದಿದ್ದರೂ ಚಕ್ರ ತಿರುಗುತ್ತದೆ. ರಸ್ತೆಯಲ್ಲಿ ಒಂದು ಹಂಪ್ ಬಂದರೆ ಗಾಡಿ ಪಕ್ಕಕ್ಕೆ ಹಾರುತ್ತದೆ. ಇದಕ್ಕೆ ಮದ್ದು ಕ್ರಾಸ್‌ಓವರ್ ಸ್ಟೀರಿಂಗ್. ರಾಡ್ ಅಡ್ಡಕ್ಕೆ, ಗಾಡಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕು. ಖುಷಿಯ ವಿಷಯ ಏನೆಂದರೆ, 86ರ ನಂತರದ ಐಎಫ್‌ಎಸ್ ಗಾಡಿಯ ಪವರ್ ಸ್ಟೀರಿಂಗ್ ಬಾಕ್ಸ್ ಮೊದಲಿನಿಂದಲೂ ಅಡ್ಡಕ್ಕೇ ಆಡುವಂಥದ್ದು. ಹಳೇ ಗಾಡಿಯವರು ಜಂಕ್‌ಯಾರ್ಡ್‌ನಲ್ಲಿ ಹುಡುಕಿ ತರುವ ಬಾಕ್ಸ್ ನಿಮ್ಮ ಗಾಡಿಯಲ್ಲೇ ಇದೆ. ಅದನ್ನು ಬಿಸಾಕಬೇಡಿ. ಚಕ್ರದ ಕಡೆ, ನಕಲ್‌ನ (ಆಕ್ಸಲ್ ತುದಿಯಲ್ಲಿ ಚಕ್ರವನ್ನು ಹಿಡಿದು ತಿರುಗುವ ಭಾಗ) ಮೇಲೆ ಕೂರುವ ಸ್ಟೀರಿಂಗ್ ಆರ್ಮ್‌ಗಳನ್ನು ತರಿಸಿಕೊಳ್ಳಿ. ಆಗ ರಾಡ್‌ಗಳು ಸ್ಪ್ರಿಂಗ್‌ಗಿಂತ ಮೇಲೆ ಬಂದು ಬಂಡೆಯ ಏಟಿನಿಂದ ತಪ್ಪಿಸಿಕೊಳ್ಳುತ್ತವೆ.

ಗಾಡಿ ತನ್ನ ಭಾರದಲ್ಲಿ ನಿಂತಾಗ ಆ ಅಡ್ಡ ರಾಡ್ ಎಷ್ಟು ಮಟ್ಟವಾಗಿರುತ್ತದೋ ಅಷ್ಟು ಒಳ್ಳೆಯದು. ಬಾಕ್ಸ್ ಎಲ್ಲಿ ಕೂರಬೇಕು, ಅದಕ್ಕೆ ಎಂಜಿನ್ ಎಣ್ಣೆ ಪ್ಯಾನ್ ಅಡ್ಡ ಬರುತ್ತದಾ, ಆಕ್ಸಲ್ ಪೂರ್ತಿ ಮೇಲೆ ಬಂದಾಗ ರಾಡ್ ಚಾಸಿಗೆ ತಾಗುತ್ತದಾ, ಇದನ್ನೆಲ್ಲ ನೋಡಿದ ಮೇಲೆ ಗಾಡಿಯ ಎತ್ತರ ತಾನಾಗಿ ಗೊತ್ತಾಗುತ್ತದೆ. ಸ್ಪ್ರಿಂಗ್ ಹ್ಯಾಂಗರ್‌ಗೆ ವೆಲ್ಡಿಂಗ್ ಅದಾದ ಮೇಲೆ. ಬಾಕ್ಸ್ ಕೂರುವ ಜಾಗದಲ್ಲಿ ಚಾಸಿಗೆ ದಪ್ಪ ಪ್ಲೇಟ್ ಬೆಸೆಯಿಸಲೇಬೇಕು. ಬೋಲ್ಟ್ ಹೋಗುವ ತೂತಿಗೆ ಒಳಗೆ ಪೈಪ್ ಕೊಡಿಸಬೇಕು. ದೊಡ್ಡ ಟೈರ್ ಬಂಡೆಗೆ ಸಿಕ್ಕಿಕೊಂಡಾಗ ಪೂರ್ತಿ ಜೋರು ಬೀಳುವುದು ಅಲ್ಲೇ. ಬರೀ ಚಾಸಿ ತಗಡು ಸೀಳಿಬಿಡುತ್ತದೆ.

ಕ್ಯಾಸ್ಟರ್ ಅಂತ ಒಂದಿದೆ. ಚಕ್ರ ತಿರುಗುವ ಅಚ್ಚು ಮೇಲ್ಗಡೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು. 3ರಿಂದ 5 ಡಿಗ್ರಿ ಇದ್ದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆ. ಕಮ್ಮಿಯಾದರೆ ಹೈವೇಯಲ್ಲಿ ಗಾಡಿ ಅಲೆಯುತ್ತದೆ, ಒಮ್ಮೊಮ್ಮೆ ಮುಂದಿನ ಚಕ್ರಗಳು ಗಡಗಡ ನಡುಗಲು ಶುರುವಾಗುತ್ತವೆ. ಆದರೆ ಕ್ಯಾಸ್ಟರ್ ಹೆಚ್ಚಿಸಲು ಆಕ್ಸಲ್ ಹೊರಳಿಸಿದಿರೋ, ಡಿಫರೆನ್ಷಿಯಲ್ಲಿನ ಪಿನಿಯನ್ ಮೂತಿ ಕೆಳಗಾಗಿ, ಅದಕ್ಕೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ. ಎರಡೂ ಸರಿಬರಬೇಕಾದರೆ ಆಕ್ಸಲ್ ತುದಿಯ ವೆಲ್ಡ್ ಕತ್ತರಿಸಿ, ನಕಲ್ ಕೂರುವ ಗುಂಡನ್ನು ಮಾತ್ರ ತಿರುಗಿಸಿ ಮತ್ತೆ ಬೆಸೆಯಬೇಕು. ಇದು ಮನೆಯಲ್ಲಿ ಕಲಿತ ವೆಲ್ಡಿಂಗ್‌ಗೆ ಸಿಗುವ ಕೆಲಸ ಅಲ್ಲ. ನಾನು ಇದನ್ನು ಬೇರೆಯವರ ಕೈಗೇ ಕೊಟ್ಟೆ. ನೀವೂ ಹಾಗೇ ಮಾಡಿ. ನಿಮ್ಮ ಎದುರಿಗೆ ಬರುವವರ ಜೀವವೂ ಆ ಬೆಸುಗೆಯ ಮೇಲಿರುತ್ತದೆ.

ಆಕ್ಸಲ್ ಯಾವುದು? ಡಾನಾ ಕಂಪನಿಯ ಆಕ್ಸಲ್‌ಗಳಲ್ಲಿ ಡಾನಾ 44 ಹಾಕುವವರಿದ್ದಾರೆ, ಡಾನಾ 60 ಹಾಕುವವರೂ ಇದ್ದಾರೆ. ಸಣ್ಣ ಟೊಯೋಟಾಗೆ, 35 ಇಂಚಿನವರೆಗಿನ ಟೈರ್‌ಗೆ, ಟೊಯೋಟಾದ್ದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಡಿಫರೆನ್ಷಿಯಲ್ ಬಲಗಡೆ ಇರುವುದರಿಂದ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ನಿಮ್ಮ ಟ್ರಾನ್ಸ್‌ಫರ್ ಕೇಸ್‌ಗೆ ನೇರ ಹೊಂದುತ್ತದೆ. ಐಎಫ್‌ಎಸ್‌ನಲ್ಲಿದ್ದ ಕ್ರೌನ್ ಗೇರ್ 7.5 ಇಂಚಿನದು, ಇದು 8 ಇಂಚಿನದು. ಚಕ್ರದ ಆರು ಬೋಲ್ಟ್ ಅದೇ ಅಳತೆ. ಅಗಲ ಮಾತ್ರ ನಿಮ್ಮ ಹಿಂದಿನ ಆಕ್ಸಲ್‌ಗಿಂತ ಸುಮಾರು ಮೂರು ಇಂಚು ಕಮ್ಮಿ. ಸ್ಪೇಸರ್ ಹಾಕಿ ಸರಿ ಮಾಡುತ್ತಾರೆ. ಮುಂದೆ ಹಿಂದೆ ಗೇರ್ ರೇಶಿಯೋ ಒಂದೇ ಇರಲೇಬೇಕು. ಈ ಪಿಕಪ್‌ಗಳಲ್ಲಿ ಬರುತ್ತಿದ್ದ 22ಆರ್‌ಇ ಎಂಜಿನ್‌ಗೆ ಇರುವುದೇ ಸುಮಾರು 116 ಕುದುರೆ ಶಕ್ತಿ. 35ರ ಟೈರ್ ಎಳೆಯಬೇಕಾದರೆ 4.88 ಅಥವಾ 5.29 ರೇಶಿಯೋ ಬೇಕು. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಸ್ಪ್ರಿಂಗ್, ಹ್ಯಾಂಗರ್, ಸ್ಟೀರಿಂಗ್ ಎಲ್ಲ ಇರುವ ಕಿಟ್‌ಗೆ ಕೊಟ್ಟ ದುಡ್ಡಿಗಿಂತ ಜಾಸ್ತಿ, ಅದರ ಹಿಂದೆ ಬರುವ ಗೇರ್, ಲಾಕರ್, ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರ್, ಉದ್ದ ಮಾಡಿಸಿದ ಪ್ರೊಪೆಲ್ಲರ್ ಶಾಫ್ಟ್‌ಗೆ ಹೋಗುತ್ತದೆ.

ಹಳೇ ಆಕ್ಸಲ್ ತಂದರೆ ಹಾಗೇ ಹಾಕಬೇಡಿ, ನಕಲ್ ಬಿಚ್ಚಿ. ನನಗೆ ಇಡೀ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ ಇದು. ಸ್ಟಡ್‌ಗಳ ಮೇಲೆ ಕೋನ್ ವಾಷರ್ ಕೂತಿರುತ್ತವೆ, ಎಳೆದರೆ ಬರುವುದಿಲ್ಲ. ಹಿತ್ತಾಳೆ ಸುತ್ತಿಗೆಯಿಂದ ಆರ್ಮ್ ಪಕ್ಕಕ್ಕೆ ನಾಲ್ಕು ಏಟು ಕೊಟ್ಟರೆ ಟಪ್ ಅಂತ ಹಾರಿ ಬರುತ್ತವೆ. ಒಳಗಿನ ಗ್ರೀಸ್ ಕಪ್ಪಗೆ, ಗಟ್ಟಿಯಾಗಿದ್ದರೆ ಸಂತೋಷ. ತೆಳ್ಳಗೆ ನೀರಾಗಿ, ಗೇರ್ ಆಯಿಲ್ ವಾಸನೆ ಹೊಡೆದರೆ ಒಳಗಿನ ಸೀಲ್ ಹೋಗಿದೆ ಅಂತಲೇ ಅರ್ಥ. ಮೇಲಿನ ಬೇರಿಂಗ್‌ನ ಶಿಮ್ (ಅಂತರ ಸರಿಮಾಡುವ ತೆಳು ತಗಡು), ಕೆಳಗಿನದರ ಶಿಮ್ ಬೇರೆ ಬೇರೆ ಡಬ್ಬಿಯಲ್ಲಿಡಿ. ಶಾಫ್ಟ್ ನಡುಮಧ್ಯ ಕೂರುವುದು ಅವುಗಳಿಂದ. ಬೆರೆಸಿ ಹಾಕಿದರೆ ಹೊಸ ಸೀಲ್ ಕೂಡ ಬೇಗ ಹರಿಯುತ್ತದೆ. ಶಾಫ್ಟ್ ತುದಿಯಲ್ಲಿರುವ ಗುಂಡು ಗುಂಡಿನ ಜಾಯಿಂಟ್‌ಗೆ ಬರ್ಫೀಲ್ಡ್ ಅನ್ನುತ್ತಾರೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಓಡಿಸಿದಾಗ ಟಕ್ ಟಕ್ ಸದ್ದು ಬಂದರೆ ಅದು ಸವೆದಿದೆ. ಮುರಿಯುವುದೂ ಅದೇ, ಸಾಮಾನ್ಯವಾಗಿ ಚಕ್ರ ಪೂರ್ತಿ ತಿರುಗಿಸಿ, ಟೈರ್ ಬಂಡೆಗೆ ಸಿಕ್ಕಿರುವಾಗ ಆಕ್ಸಲರೇಟರ್ ಒತ್ತಿದರೆ. ಕ್ರೋಮೋಲಿ ಅನ್ನುವ ಗಟ್ಟಿ ಮಿಶ್ರ ಉಕ್ಕಿನದ್ದು ಹಾಕಿಸಿ, ಹಳೆಯದನ್ನು ತೊಳೆದು ಗ್ರೀಸ್ ತುಂಬಿ ಗಾಡಿಯಲ್ಲೇ ಇಟ್ಟುಕೊಳ್ಳಿ.

ಊರಿನ ಹುಡುಗರಿಗೆ ನನ್ನ ಉತ್ತರ ಬೇರೆ. ಬೇಡ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ನಿಮಗೆ ಅದರ ಅಗತ್ಯವೂ ಇಲ್ಲ. ಜಿಪ್ಸಿಗೆ ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್, ಜಿಮ್ನಿಗೂ ಅಷ್ಟೇ. ಎರಡೂ ಕಂಪನಿಯಿಂದಲೇ ಹಾಗೆ ಬಂದವು. ಮುಂದೆ ಐಎಫ್‌ಎಸ್ ಇರುವ ಥಾರ್, ವಿ-ಕ್ರಾಸ್ ಇದ್ದವರು ಚಾಸಿ ಕತ್ತರಿಸುವ ಯೋಚನೆ ಬಿಟ್ಟು, ಒಳ್ಳೇ ಟೈರ್ ಹಾಕಿಸಿ, ಡ್ರೈವಿಂಗ್ ಕಲಿಯಿರಿ. ಮಲೆನಾಡಿನ ಕೆಸರಿಗೆ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇಲ್ಲಿ ಅಮೆರಿಕದಲ್ಲಿ ಮಾಡಿಸುವವರು ನಿಮ್ಮ ರಾಜ್ಯದ ಎತ್ತರದ ಮಿತಿ ಎಷ್ಟು ನೋಡಿಕೊಳ್ಳಿ, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ. ಕೆಲಸ ಮುಗಿದ ದಿನವೇ ಟ್ರೇಲ್‌ಗೆ ಹೊರಡಬೇಡಿ. ಒಂದು ನೂರು ಮೈಲಿ ಮನೆಯ ಸುತ್ತ ಓಡಿಸಿ. ಬಂದು ಗಾಡಿ ಕೆಳಗೆ ಮಲಗಿ, ಸ್ಪ್ರಿಂಗ್ ಹಿಡಿದಿರುವ ಯು ಬೋಲ್ಟ್‌ಗಳನ್ನು ಟಾರ್ಕ್ ರೆಂಚ್ ಹಾಕಿ ಮತ್ತೆ ಬಿಗಿ ಮಾಡಿ. ಮೊದಲ ಸಲ ಅವು ಸಡಿಲ ಆಗಿಯೇ ಇರುತ್ತವೆ. ಸ್ಟೀರಿಂಗ್ ಆರ್ಮ್‌ನ ಸ್ಟಡ್‌ಗಳನ್ನೂ ಅದೇ ಹೊತ್ತಿಗೆ ನೋಡಿ.